ಬತ್ತಿ ತುಂಬುವ ಕೆರೆಗಳು ಮತ್ತು ಮೀನಿನಲ್ಲಿ ಪಾದರಸ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕೆರೆಗಳ ಸ್ವಭಾವವೇ ಬತ್ತುವುದು, ಅಪರೂಪಕ್ಕೆ ತುಂಬುವುದು. ಮೇಲ್ಭಾಗದಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವೇ 1933ರ ಬಳಿಕ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಪಾದರಸದ ದೃಷ್ಟಿಯಿಂದ ಈ ಸ್ವಭಾವ ಗಮನಾರ್ಹವಾದುದು. ಕಲ್ಲಿದ್ದಲು ದಹನದಿಂದ ವಾಯುಮಂಡಲ ಸೇರಿದ ಪಾದರಸವು ಕಾರ್ಖಾನೆಗಳಿಲ್ಲದ ಊರಿನ ಕೆರೆಗೂ ಮಳೆ, ಧೂಳಿನೊಡನೆ ಇಳಿಯುತ್ತದೆ. ಒಣಗಿದ ಹೂಳಿನಲ್ಲಿ ಗಂಧಕವು ಸಲ್ಫೇಟಾಗಿ ಮಾರ್ಪಡುತ್ತದೆ. ನೀರು ಮರಳಿ ನಿಂತಾಗ, ಆಮ್ಲಜನಕವಿಲ್ಲದ ಕೆಸರಿನಲ್ಲಿ ಸಲ್ಫೇಟನ್ನು ಬಳಸಿ ಬದುಕುವ ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸವಾಗಿಸುತ್ತವೆ. ಪಾಚಿಯಿಂದ ಸಣ್ಣ ಮೀನಿಗೆ, ಅಲ್ಲಿಂದ ಕೊರಮೀನಿಗೆ, ಮೀನುಣ್ಣುವ ನೀರುಕಾಗೆಗೆ ಸಾಗುವಾಗ ಹಂತಹಂತಕ್ಕೂ ಅದರ ಸಾಂದ್ರತೆ ಏರುತ್ತದೆ. ಕೆರೆ ಇಂಗಿದರೂ ತೇವದ ಕೆಸರಿನಲ್ಲಿ ಜೀವ ಹಿಡಿಯಬಲ್ಲದ್ದು ಈ ಕೊರಮೀನೇ! ಮಾಂಸದ ಪ್ರೋಟೀನಿಗೆ ಅಂಟಿದ ವಿಷ ಬೇಯಿಸಿದರೂ ಹೋಗದು. ಗರ್ಭಿಣಿ ಉಂಡರೆ ಭ್ರೂಣದ ಮಿದುಳನ್ನು ಮುಟ್ಟುತ್ತದೆ. ಆದುದರಿಂದ ನೀರಿನ ಮಾದರಿಯೊಂದನ್ನೇ ಪರೀಕ್ಷಿಸಿದರೆ ಸಾಲದು. ಕೆರೆ ತುಂಬಿದ ನಂತರ ಹಿಡಿದ ದೊಡ್ಡ ಕೊರಮೀನಿನ ಮಾಂಸವನ್ನೂ ಪರೀಕ್ಷಿಸಬೇಕು.