ಅಲ್ಪಾವಧಿ ಸ್ಮೃತಿ ಮತ್ತು ಮೌಖಿಕ ಹಾಡುಗಾರಿಕೆ: ಚಿತ್ರದುರ್ಗ ಸೀಮೆಯನ್ನು ಕುರಿತ ಒಂದು ವಿವೇಚನೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳ ಗೊಲ್ಲರಹಟ್ಟಿಗಳಲ್ಲಿ ಕಾಡುಗೊಲ್ಲ ಸಮುದಾಯದ ಹಾಡುಗಾರಿಕೆ ತಲೆಮಾರುಗಳಿಂದ ಬಾಯಿಂದ ಬಾಯಿಗೆ ಹರಿದು ಬಂದಿದೆ. ಜುಂಜಪ್ಪ, ಎತ್ತಪ್ಪ ಮೊದಲಾದ ವೀರರ ಕಥನಗಳನ್ನು ಹಾಡುವವರಲ್ಲಿ ಬಹುಪಾಲು ಮಂದಿ ಅಕ್ಷರ ಕಲಿತವರಲ್ಲ. ನೆರೆಯ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರು ಇಂತಹ ಪ್ರತಿಭೆಗೆ ನಾಡಿನಾದ್ಯಂತ ಹೆಸರಾದವರು; ಅವರ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಅವರು ಸಂಗ್ರಹಿಸಿ ವಿದ್ವತ್ ಲೋಕದ ಗಮನಕ್ಕೆ ತಂದರು. ಇಂತಹ ಕಲಾವಿದರನ್ನು ಕುರಿತು ಬರೆಯುವಾಗ ‘ಅಪಾರ ಸ್ಮರಣಶಕ್ತಿ’ ಎಂಬ ಮಾತು ತಪ್ಪದೆ ಬರುತ್ತದೆ. ಅದು ಗೌರವದ ಮಾತು ನಿಜ, ಆದರೆ ವಿವರಣೆಯಲ್ಲ. ಸಂಜ್ಞಾನ ಮನೋವಿಜ್ಞಾನವು ಅಲ್ಪಾವಧಿ ಸ್ಮೃತಿಯ ಬಗೆಗೆ ಕಂಡುಕೊಂಡಿರುವ ಸಂಗತಿಗಳ ಬೆಳಕಿನಲ್ಲಿ ಈ ಶಕ್ತಿಯ ಸ್ವರೂಪವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈಗ ಕೇಳಿದ್ದನ್ನು, ಈಗ ಕಂಡದ್ದನ್ನು ಕೆಲವು ಕ್ಷಣಗಳ ಮಟ್ಟಿಗೆ ಮನಸ್ಸು ಹಿಡಿದಿಟ್ಟುಕೊಳ್ಳುವ ವ್ಯವಸ್ಥೆಗೆ ಅಲ್ಪಾವಧಿ ಸ್ಮೃತಿ ಎಂದು ಹೆಸರು. ಇದಕ್ಕೆ ಎರಡು ಮಿತಿಗಳಿವೆ. ಮೊದಲನೆಯದು ಪ್ರಮಾಣದ್ದು. 1956ರಲ್ಲಿ ಜಾರ್ಜ್ ಮಿಲ್ಲರ್ ಈ ಪ್ರಮಾಣವನ್ನು ಏಳರ ಆಸುಪಾಸು ಎಂದು ಸೂಚಿಸಿದರು. 2001ರಲ್ಲಿ ನೆಲ್ಸನ್ ಕೋವನ್, ಮರುಜಪ ಹಾಗೂ ಗುಂಪುಗೂಡಿಸುವಿಕೆಯ ನೆರವನ್ನು ಕಳೆದರೆ ಉಳಿಯುವುದು ಸುಮಾರು ನಾಲ್ಕು ಘಟಕಗಳು ಮಾತ್ರ ಎಂದು ವಾದಿಸಿದರು. ಎರಡನೆಯ ಮಿತಿ ಕಾಲದ್ದು. ಪೀಟರ್ಸನ್ ದಂಪತಿಗಳು 1959ರಲ್ಲಿ ಮೂರು ವ್ಯಂಜನಗಳನ್ನು ಕೇಳಿಸಿ, ಕೂಡಲೇ ಒಂದು ಸಂಖ್ಯೆಯಿಂದ ಮೂರು ಮೂರನ್ನು ಕಳೆಯುತ್ತ ಹಿಂದಕ್ಕೆ ಎಣಿಸಲು ಹೇಳಿದರು. 18 ಸೆಕೆಂಡು ಕಳೆಯುವಷ್ಟರಲ್ಲಿ ನೆನಪು ಬಹುತೇಕ ಅಳಿಸಿಹೋಗಿತ್ತು.

ಈ ಸ್ಮೃತಿ ಬರಿಯ ಉಗ್ರಾಣವಲ್ಲ, ಕೆಲಸ ನಡೆಯುವ ಅಂಗಳ ಎಂಬ ತಿಳಿವಳಿಕೆಯನ್ನು 1974ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಮುಂದಿಟ್ಟರು. ಅವರು ನಿರೂಪಿಸಿದ ‘ಕಾರ್ಯಕಾರಿ ಸ್ಮೃತಿ’ಯ ಒಂದು ಅಂಗ ಧ್ವನಿ ಆವರ್ತ. ಕೇಳಿದ ಮಾತನ್ನು ಒಳಗೊಳಗೇ ಮತ್ತೆ ಮತ್ತೆ ಉಚ್ಚರಿಸಿಕೊಂಡು ಅದು ಮಾಸದಂತೆ ಕಾಯುವುದು ಇದರ ಕೆಲಸ. ಸುಮಾರು ಎರಡು ಸೆಕೆಂಡುಗಳಲ್ಲಿ ಎಷ್ಟನ್ನು ಉಚ್ಚರಿಸಬಹುದೋ ಹೆಚ್ಚುಕಡಿಮೆ ಅಷ್ಟನ್ನೇ ಇದು ಹಿಡಿಯಬಲ್ಲದೆಂದು 1975ರ ಪ್ರಯೋಗಗಳು ತೋರಿಸಿದವು. ಆದುದರಿಂದ ಪದ ದೀರ್ಘವಾದಷ್ಟೂ ನೆನಪಿನ ವ್ಯಾಪ್ತಿ ಕುಗ್ಗುತ್ತದೆ. ವೆಲ್ಷ್ ಭಾಷೆಯ ಅಂಕಿಗಳನ್ನು ಹೇಳಲು ಇಂಗ್ಲಿಷಿಗಿಂತ ಹೆಚ್ಚು ಸಮಯ ಬೇಕಾಗುವುದರಿಂದ, ಎರಡೂ ಭಾಷೆ ಬಲ್ಲವರು ವೆಲ್ಷ್‌ನಲ್ಲಿ ಕಡಿಮೆ ಅಂಕಿಗಳನ್ನು ನೆನಪಿಡುತ್ತಾರೆಂದು 1980ರ ಅಧ್ಯಯನವೊಂದು ತಿಳಿಸಿತು. ಕನ್ನಡದಲ್ಲಿ ಒಂದರಿಂದ ಒಂಬತ್ತರವರೆಗಿನ ಅಂಕಿಗಳಲ್ಲಿ ಏಕಾಕ್ಷರದ್ದು ಒಂದೂ ಇಲ್ಲ. ‘ಎರಡು’, ‘ಒಂಬತ್ತು’ ಮೂರಕ್ಷರದವು, ಉಳಿದವು ಎರಡಕ್ಷರದವು. ಕನ್ನಡದ ಮಕ್ಕಳ ಸ್ಮೃತಿಯನ್ನು ಅಂಕಿಗಳ ಮೂಲಕ ಅಳೆಯುವವರು ಈ ಅಂಶವನ್ನು ಲಕ್ಷಿಸದಿದ್ದರೆ ಭಾಷೆಯ ಗುಣವನ್ನು ಮಗುವಿನ ಕೊರತೆಯೆಂದು ಬಗೆಯುವ ಅಪಾಯವಿದೆ.

ಅಭ್ಯಾಸದಿಂದ ಈ ಮಿತಿಗಳನ್ನು ದಾಟಲು ಸಾಧ್ಯವೇ? 1980ರಲ್ಲಿ ಎರಿಕ್ಸನ್, ಚೇಸ್ ಮತ್ತು ಫಲೂನ್ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರಿಸುತ್ತದೆ. ವಿದ್ಯಾರ್ಥಿಯೊಬ್ಬ ಇನ್ನೂರಕ್ಕೂ ಹೆಚ್ಚು ಗಂಟೆಗಳ ಸಾಧನೆಯಿಂದ ಏಳು ಅಂಕಿಗಳಿದ್ದ ತನ್ನ ವ್ಯಾಪ್ತಿಯನ್ನು ಸುಮಾರು ಎಂಬತ್ತಕ್ಕೆ ಏರಿಸಿಕೊಂಡ. ಆತ ಓಟಗಾರ; ಅಂಕಿಗಳನ್ನು ತನಗೆ ಪರಿಚಿತವಾದ ಓಟದ ವೇಳೆಗಳಾಗಿ ಕಂತೆ ಕಟ್ಟಿಕೊಳ್ಳುತ್ತಿದ್ದ. ಆದರೆ ಅಂಕಿಗಳ ಬದಲು ಅಕ್ಷರಗಳನ್ನು ಕೊಟ್ಟಾಗ ಅವನ ವ್ಯಾಪ್ತಿ ಮತ್ತೆ ಆರರ ಹತ್ತಿರಕ್ಕೇ ಇಳಿಯಿತು. ಪಾತ್ರೆ ದೊಡ್ಡದಾಗಿರಲಿಲ್ಲ; ಅದರಲ್ಲಿ ತುಂಬುವ ಕ್ರಮ ಬದಲಾಗಿತ್ತು.

ಹಟ್ಟಿಯ ಹಾಡುಗಾರರ ವಿಷಯದಲ್ಲಿಯೂ ಹೀಗೆಯೇ ಭಾವಿಸಲು ಆಧಾರವಿದೆ. ಅವರ ಕ್ಷಣಿಕ ಸ್ಮೃತಿ ನಮ್ಮದಕ್ಕಿಂತ ಹಿರಿದಾಗಿರಬೇಕಿಲ್ಲ. ಆ ಸಣ್ಣ ಪಾತ್ರೆಗೆ ಹೊಂದುವಂತೆ ಹಾಡಿನ ರೂಪವೇ ಸಿದ್ಧಗೊಂಡಿದೆ. ಕನ್ನಡ ಜನಪದರ ಪ್ರಿಯ ಮಟ್ಟಾದ ತ್ರಿಪದಿಯನ್ನು ಗಮನಿಸಬಹುದು. ಅದರ ಮೂರು ಪಾದಗಳಲ್ಲಿ ಕ್ರಮವಾಗಿ ನಾಲ್ಕು, ನಾಲ್ಕು, ಮೂರು ಗಣಗಳು. ಯಾವ ಪಾದವೂ ನಾಲ್ಕನ್ನು ಮೀರುವುದಿಲ್ಲ. ಪಾದಗಳ ಎರಡನೆಯ ಅಕ್ಷರದಲ್ಲಿ ಬರುವ ಪ್ರಾಸ ಮುಂದಿನ ಪದದ ಆಯ್ಕೆಯನ್ನು ಕಿರಿದುಗೊಳಿಸುತ್ತದೆ. ಹಾಡುವಾಗ ಎರಡನೆಯ ಪಾದದ ಕೊನೆಯ ಭಾಗವನ್ನು ಪುನರುಚ್ಚರಿಸುವ ರೂಢಿ, ಮೂರನೆಯ ಪಾದ ನಾಲಗೆಗೆ ಬರುವಷ್ಟು ಬಿಡುವನ್ನು ಒದಗಿಸುತ್ತದೆ. ಗಣಗಳ ಸಂಖ್ಯೆಗೂ ಕೋವನ್ನರ ಸಂಖ್ಯೆಗೂ ಇರುವ ಸಾಮ್ಯ ಪ್ರಮಾಣವಲ್ಲ. ಆದರೂ ಪರೀಕ್ಷಿಸಲು ಯೋಗ್ಯವಾದ ಸೂಚನೆ.

ಎರಡನೆಯ ಆಧಾರ ಮೇಳ. ಮುಂದಾಳು ಹೇಳಿದ ಸಾಲನ್ನು ಸಂಗಡಿಗರು ಎತ್ತಿಕೊಂಡು ಹಾಡುವಷ್ಟರಲ್ಲಿ ಮುಂದಾಳಿಗೆ ಮುಂದಿನ ಸಾಲನ್ನು ರೂಪಿಸಿಕೊಳ್ಳುವ ಅವಕಾಶ ದೊರೆಯುತ್ತದೆ. ಒಬ್ಬರ ಧ್ವನಿ ಆವರ್ತ ಮಾಡಬೇಕಾದ ಕಾಯುವ ಕೆಲಸವನ್ನು ಹಲವು ಕೊರಳುಗಳು ಬಹಿರಂಗವಾಗಿ ಮಾಡುತ್ತವೆ. ಜುಂಜಪ್ಪನ ಕಥನದ ನಡುವೆ ನುಡಿಸುವ ಗಣೆಯದು ಇನ್ನೂ ಕುತೂಹಲಕರ ಸಂಗತಿ. ಈ ನೀಳವಾದ ಬಿದಿರಿನ ಕೊಳಲನ್ನು ಊದುವಾಗ ಮಾತು ನಿಲ್ಲುತ್ತದೆ. ಕಥೆಯ ಎಳೆ ಬರಿಯ ಅಲ್ಪಾವಧಿ ಸ್ಮೃತಿಯಲ್ಲಿ ಇದ್ದಿದ್ದರೆ ಅದು ಅಷ್ಟರಲ್ಲಿ ಕಡಿದುಹೋಗಬೇಕಿತ್ತು. ಹಾಗಾಗುವುದಿಲ್ಲ. ಎರಿಕ್ಸನ್ ಮತ್ತು ಕಿಂಚ್ 1995ರಲ್ಲಿ ‘ದೀರ್ಘಾವಧಿ ಕಾರ್ಯಕಾರಿ ಸ್ಮೃತಿ’ ಎಂದು ವಿವರಿಸಿದ್ದು ಇದನ್ನೇ: ನುರಿತವರಲ್ಲಿ ತಾಣ, ವಂಶ, ಘಟನೆಗಳ ಕ್ರಮವೆಲ್ಲ ದೀರ್ಘಾವಧಿ ಸ್ಮೃತಿಯಲ್ಲಿ ನೆಲೆಯೂರಿರುತ್ತದೆ; ಕ್ಷಣಿಕ ಸ್ಮೃತಿಯಲ್ಲಿ ಅದನ್ನು ಎಳೆದು ತರುವ ಸುಳಿವು ಇದ್ದರೆ ಸಾಕು.

ಈ ವಿವೇಚನೆ ಕ್ಷೇತ್ರಕಾರ್ಯಕ್ಕೆ ನೇರವಾಗಿ ಸಂಬಂಧಿಸಿದ್ದು. ಯುಗೊಸ್ಲಾವಿಯಾದ ಗಾಯಕರನ್ನು ಅಧ್ಯಯನ ಮಾಡಿದ ಆಲ್ಬರ್ಟ್ ಲಾರ್ಡ್, ವಾದ್ಯವಿಲ್ಲದೆ ನಿಧಾನವಾಗಿ ಹೇಳಿ ಬರೆಸುವಾಗ ಹಲವರ ಸಾಲುಗಳು ಗದ್ಯದತ್ತ ಜಾರುತ್ತಿದ್ದುದನ್ನು 1960ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಹಾಡುಗಾರ್ತಿಯೊಬ್ಬರನ್ನು ಒಂಟಿಯಾಗಿ ಕೂರಿಸಿ ಹೇಳಿಸಿಕೊಂಡ ಪಾಠದಲ್ಲಿ ಸಾಲುಗಳು ಬಿಟ್ಟುಹೋದರೆ ಅದಕ್ಕೆ ವಯಸ್ಸೊಂದನ್ನೇ ಕಾರಣವಾಗಿಸುವುದು ಸಲ್ಲದು. ಅವರ ಸ್ಮೃತಿಯ ಅರ್ಧಭಾಗವಾಗಿದ್ದ ಸಂಗಡಿಗರನ್ನು ನಾವೇ ಹೊರಗಿಟ್ಟಿರುತ್ತೇವೆ. ಮುದ್ರಣದ ವೇಳೆ ‘ಪುನರುಕ್ತಿ’ಯೆಂದು ಕೈಬಿಡುವ ಸಾಲುಗಳೂ ಈ ಸ್ಮೃತಿಯ ಅಂಗಗಳೇ. ಆದುದರಿಂದ ಮೇಳ, ಗಣೆ, ನಿಲುಗಡೆ, ಮರುಸಾಲುಗಳ ಸಮೇತ ಧ್ವನಿಮುದ್ರಿಸುವುದು ಹಾಗೂ ಅವುಗಳ ಕಾಲಾವಧಿಯನ್ನು ಗುರುತಿಸುವುದು ಇನ್ನು ಮುಂದಿನ ಸಂಗ್ರಹಗಳ ಕನಿಷ್ಠ ಶಿಸ್ತಾಗಬೇಕು. ಹಿರಿಯರೊಬ್ಬರು ತೀರಿಕೊಂಡಾಗ ಒಂದು ಭಂಡಾರ ಬರಿದಾಯಿತೆನ್ನುತ್ತೇವೆ. ಆದರೆ ಸಾಲನ್ನು ಎತ್ತಿಕೊಳ್ಳುವ ಕೊರಳುಗಳು ಹಟ್ಟಿಯಿಂದ ಚದುರಿದ ದಿನವೇ, ಹಾಡುವವರು ಇನ್ನೂ ಬದುಕಿರುವಾಗಲೇ, ಆ ಭಂಡಾರ ಬರಿದಾಗತೊಡಗಿರುತ್ತದೆ.