ಉಲ್ಲೇಖದ ಲೆಕ್ಕ, ಲಸಿಕೆಯ ಲೆಕ್ಕ

ಜನವರಿ ಕಳೆದರೆ ಸಿದ್ದಾಪುರದ ಕಡೆ ದರಕು ಗುಡಿಸಲು ಬೆಟ್ಟಕ್ಕೆ ಹೋಗುವವರಿಗೆ ಉಣುಗಿನ ಭಯ. ಅದು ಕಚ್ಚಿದರೆ ಮಂಗನ ಕಾಯಿಲೆ ತಗಲಬಹುದು.

ಈ ಕಾಯಿಲೆಯ ಲಸಿಕೆ ಕುರಿತು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಸಿ. ಎನ್. ದಂಡಾವತೆ ಮತ್ತು ಸಂಗಡಿಗರು 1994ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ಅವರು ಕಂಡದ್ದು: ಒಂದು ಡೋಸಿಗೆ ಶೇ. 79.3, ಎರಡಕ್ಕೆ ಶೇ. 93.5 ರಕ್ಷಣೆ. ಮುಂದೆ ಲಸಿಕೆಯ ಮಾತು ಬಂದಲ್ಲೆಲ್ಲ ಈ ಅಂಕಿಗಳೂ ಬಂದವು.

ಒಂದು ಪ್ರಬಂಧವನ್ನು ಬೇರೆ ಸಂಶೋಧಕರು ಎಷ್ಟು ಸಲ ಹೆಸರಿಸಿದ್ದಾರೆ ಎಂಬುದೇ ಇಂದು ಅದರ ತೂಕದ ಅಳತೆ. ಸಂಶೋಧಕರಿಗೂ ಒಂದು ಅಂಕವಿದೆ. ಎಚ್-ಇಂಡೆಕ್ಸ್ 20 ಎಂದರೆ, ತಲಾ 20 ಸಲವಾದರೂ ಉಲ್ಲೇಖಗೊಂಡ 20 ಪ್ರಬಂಧಗಳು ಅವರ ಹೆಸರಿನಲ್ಲಿವೆ ಎಂದರ್ಥ. ಶಿರಸಿ, ಯಲ್ಲಾಪುರದಿಂದ ಪಿಎಚ್.ಡಿ.ಗೆ ಹೊರಡುವ ಮಕ್ಕಳು ಮಾರ್ಗದರ್ಶಕರನ್ನು ಹುಡುಕುವಾಗ ಇದನ್ನು ನೋಡಬೇಕಾದದ್ದೇ. ಮಾರ್ಕ್ಸ್ ಕಾರ್ಡ್ ನೋಡಿ ಅಭ್ಯಾಸವಾದ ಪಾಲಕರಿಗೂ ಸಲೀಸು! ಆದರೆ ಒಪ್ಪಿ ಹೆಸರಿಸಿದರೂ ಲೆಕ್ಕಕ್ಕೆ ಒಂದು, ಪ್ರಶ್ನಿಸಿ ಹೆಸರಿಸಿದರೂ ಒಂದು.

2013ರಲ್ಲಿ ಜಿ. ಎಸ್. ಕಸಬಿ ಮತ್ತಿತರರು ಅದೇ ಲಸಿಕೆಯ 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿ ಬರೆದರು. ಒಂದೇ ಡೋಸಿನಿಂದ ಪ್ರಯೋಜನ ಕಾಣಲಿಲ್ಲ, ಎರಡಕ್ಕೆ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9. ಎರಡು ಅಧ್ಯಯನಗಳ ಕಾಲ ಬೇರೆ, ಹೋಲಿಸುವಾಗ ಎಚ್ಚರ ಬೇಕು. ಆದರೂ ಒಂದೇ ಡೋಸು ಹಾಕಿಸಿಕೊಂಡು ನಿಶ್ಚಿಂತೆಯಿಂದ ಬೆಟ್ಟಕ್ಕೆ ಹೋದವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಉಲ್ಲೇಖದ ಸಂಖ್ಯೆಯಲ್ಲಿ ಅದು ಕಾಣುವುದಿಲ್ಲ. ಪ್ರಬಂಧ ಓದಿದರೆ ಮಾತ್ರ ಕಾಣುತ್ತದೆ.

2022ರಲ್ಲಿ ಆ ಲಸಿಕೆ ಹಾಕುವುದನ್ನೇ ನಿಲ್ಲಿಸಲಾಯಿತು. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಕಾಯಿಲೆ ಮತ್ತೆ ಕಾಣಿಸಿಕೊಂಡಾಗ ಬೆಟ್ಟಕ್ಕೆ ಹೋಗುವವರ ಕೈಯಲ್ಲಿದ್ದುದು ಮೈಗೆ ಹಚ್ಚುವ ಡೆಪಾ ಎಣ್ಣೆ.