ಪುಕ್ಕಟೆ ವಿದ್ಯುತ್ತಿನ ಭ್ರಮೆ, ಗಾಳಿಯ ಮಿತಿ

ಡೀಸೆಲ್ ಬೇಡ, ಬಿಸಿಲು ಬೇಡ, ಗಾಳಿಯೂ ಬೇಡ. ಒಮ್ಮೆ ಚಾಲನೆ ಕೊಟ್ಟರೆ ಸಾಕು, ಜೀವಮಾನವಿಡೀ ಮನೆಗೂ ಪಂಪ್‌ಸೆಟ್ಟಿಗೂ ವಿದ್ಯುತ್ತು ದೊರೆಯುವುದು ಎಂದು ನಂಬಿಸಿ ಯಂತ್ರ ಮಾರುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಕಣ್ಣೆದುರಿಗೇ ಬೆಳೆ ಬಾಡುವುದನ್ನು ಕಂಡ ರೈತನಿಗೆ ಈ ಮಾತು ಹಿತವಾಗಿ ಕೇಳಿಸುವುದು ಸಹಜ. ಆದರೆ ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಅಂಥವರ ಕೈಗಿಡುವ ಮುನ್ನ ಮನೆಮಂದಿಯೆಲ್ಲರೂ ಕುಳಿತು ಆಲೋಚಿಸುವುದು ಒಳಿತು.

ಇಂಥ ಯಂತ್ರಗಳ ರಚನೆ ಸಾಮಾನ್ಯವಾಗಿ ಒಂದೇ ಬಗೆಯದು. ಬ್ಯಾಟರಿಯಿಂದ ಮೋಟಾರು ತಿರುಗುತ್ತದೆ. ಮೋಟಾರು ಜನರೇಟರನ್ನು ತಿರುಗಿಸುತ್ತದೆ. ಜನರೇಟರು ಮರಳಿ ಬ್ಯಾಟರಿಯನ್ನು ತುಂಬಿ, ದೀಪವನ್ನೂ ಉರಿಸುತ್ತದೆ ಎಂಬುದು ಮಾರುವವರ ವಾದ. ಮೋಟಾರು ತಾನು ಪಡೆದ 100 ಪಾಲಿನಲ್ಲಿ 80ನ್ನೂ, ಜನರೇಟರು ಆ 80ರಲ್ಲಿ ಶೇಕಡ 80ನ್ನೂ ದಾಟಿಸಿದವೆನ್ನೋಣ. ಕೊನೆಗೆ ಉಳಿಯುವುದು 64 ಮಾತ್ರ. ಉಳಿದದ್ದು ಘರ್ಷಣೆಯಲ್ಲಿ, ಶಾಖದಲ್ಲಿ ಕಳೆದುಹೋಗುತ್ತದೆ. ಪ್ರದರ್ಶನದ ವೇಳೆ ದೀಪ ಉರಿದರೆ ಅದು ಬ್ಯಾಟರಿಯಲ್ಲಿ ಮೊದಲೇ ತುಂಬಿದ್ದ ಶಕ್ತಿಯಿಂದ. ಕಣಜಕ್ಕೆ ಸುರಿದದ್ದಕ್ಕಿಂತ ಹೆಚ್ಚು ಜೋಳವನ್ನು ಕಣಜದಿಂದ ತೆಗೆಯಲಾದೀತೆ?

ಈ ಆಸೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಮಹಾಗಣಿತಜ್ಞ ಭಾಸ್ಕರಾಚಾರ್ಯರೇ ಪಾದರಸ ತುಂಬಿದ, ತಾನೇ ತಿರುಗುವ ಚಕ್ರವೊಂದನ್ನು ವರ್ಣಿಸಿದ್ದಾರೆ. ಇಂಥ ಚಕ್ರಗಳ ಪರೀಕ್ಷೆಯಲ್ಲಿ ಬೇಸತ್ತ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯು 1775ರಲ್ಲಿ, ನಿರಂತರ ಚಲನೆಯ ಯಂತ್ರಗಳ ಪ್ರಸ್ತಾಪವನ್ನು ಇನ್ನು ಪರಿಶೀಲಿಸುವುದಿಲ್ಲವೆಂದು ಸಾರಿತು. ಅಮೆರಿಕದ ಫಿಲಡೆಲ್ಫಿಯದಲ್ಲಿ ಜಾನ್ ಕೀಲಿ ಎಂಬಾತ ಅದ್ಭುತ ಶಕ್ತಿಯ ಯಂತ್ರದ ಹೆಸರಿನಲ್ಲಿ ಹಲವು ವರ್ಷ ಷೇರುದಾರರ ಹಣ ಸೆಳೆದ. 1898ರಲ್ಲಿ ಅವನು ತೀರಿಕೊಂಡ ಬಳಿಕ ಶೋಧಿಸಿದಾಗ, ನೆಲದಡಿಯಲ್ಲಿ ದೊರೆತದ್ದು ಒತ್ತಿದ ಗಾಳಿಯನ್ನು ತುಂಬಿಡಬಲ್ಲ ಭಾರೀ ಉಕ್ಕಿನ ಗೋಳ!

ಹಾಗಾದರೆ ಗಾಳಿ ಪುಕ್ಕಟೆಯಲ್ಲವೆ? ಗಾಳಿಗೆ ಬೆಲೆಯಿಲ್ಲ, ನಿಜ. ಸೂರ್ಯನ ಶಾಖವೇ ಅದರ ಮೂಲ. ಚಿತ್ರದುರ್ಗದ ಗುಡ್ಡಗಳಲ್ಲಿ, ಗದಗಿನ ಕಪ್ಪತಗುಡ್ಡದಲ್ಲಿ ತಿರುಗುವ ಗಾಳಿಯಂತ್ರಗಳು ನಿಜವಾದ ವಿದ್ಯುತ್ತನ್ನೇ ನೀಡುತ್ತವೆ. ಆದರೆ ಅವುಗಳಿಗೂ ಮಿತಿಯುಂಟು. ಗಾಳಿಯ ಶಕ್ತಿಯಲ್ಲಿ ಹೆಚ್ಚೆಂದರೆ 27ರಲ್ಲಿ 16 ಪಾಲನ್ನು, ಅಂದರೆ ಶೇಕಡ 59ರಷ್ಟನ್ನು ಮಾತ್ರ ಪಡೆಯಬಹುದೆಂದು ಜರ್ಮನಿಯ ಆಲ್ಬರ್ಟ್ ಬೆಟ್ಸ್ ತೋರಿಸಿಕೊಟ್ಟರು. ಎಲ್ಲವನ್ನೂ ಹೀರಿಕೊಂಡರೆ ಗಾಳಿ ರೆಕ್ಕೆಯ ಹಿಂದೆ ನಿಂತೇಬಿಡುತ್ತದೆ. ಹೊಸ ಗಾಳಿಗೆ ದಾರಿಯಿರದು.

ಗಾಳಿಯ ವೇಗ ಅರ್ಧವಾದರೆ ಶಕ್ತಿ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮಾಳಿಗೆಯ ಮೇಲೆ 2 ಮೀಟರ್ ವ್ಯಾಸದ ಗಾಳಿಯಂತ್ರ ನಿಲ್ಲಿಸಿದಿರೆನ್ನಿ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿಯಲ್ಲಿ ಬೆಟ್ಸ್ ಮಿತಿಯವರೆಗೆ ಹೋದರೂ ದೊರೆಯುವುದು ಸುಮಾರು 140 ವ್ಯಾಟ್. ನಿಜವಾಗಿ ಸಿಗುವುದು ಅದರ ಅರ್ಧದಷ್ಟು. 5 ಅಶ್ವಶಕ್ತಿಯ ಪಂಪ್‌ಸೆಟ್ಟಿಗೆ ಬೇಕಾದುದು 3,700 ವ್ಯಾಟ್‌ಗೂ ಹೆಚ್ಚು!

ಆದುದರಿಂದ ಮಾರುವವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಈ ಶಕ್ತಿ ಎಲ್ಲಿಂದ ಬರುತ್ತದೆ? ಉತ್ತರ ತಡವರಿಸಿದರೆ, ಬ್ಯಾಟರಿ ಕಳಚಿ, ನಮ್ಮ ಮನೆಯಲ್ಲಿಯೇ ಒಂದು ವಾರ ದೀಪ ಉರಿಸಿ ತೋರಿಸಿರೆನ್ನಿ. ತನ್ನ ಮಿತಿಯನ್ನು ತಾನೇ ಹೇಳುವ ಯಂತ್ರಕ್ಕೆ ಹಣ ಹಾಕಬಹುದು. ಮಿತಿಯೇ ಇಲ್ಲವೆನ್ನುವ ಯಂತ್ರವನ್ನು ಮನೆಯ ಹೊಸ್ತಿಲಲ್ಲಿಯೇ ಬೀಳ್ಕೊಡುವುದು ಲೇಸು.